ದೆಬ್ರೆ ಮಾರ್ಕೋಸ್‌ನಲ್ಲಿ ಒಂದು ಬುಧವಾರ

ಕರೆದವಳೇ ಮನೆಯಲ್ಲಿರಲಿಲ್ಲ.
ಆಸ್ಪತ್ರೆಯಲ್ಲಿ ಎರಡು ಹೆರಿಗೆ, ಮೂರನೆಯದು ದಾರಿಯಲ್ಲಿ,
'ಅಮ್ಮ ಇದ್ದಾಳೆ, ಹೆದರಬೇಡ' ಎಂದು
ವುಬಾಲೆಮ್ ಫೋನಿಟ್ಟಳು.
ಬಸ್ಸಿನ ಧೂಳು ಕೊಡವಿಕೊಳ್ಳುತ್ತ
ನೀಲಿ ತಗಡಿನ ಗೇಟು ತಟ್ಟಿದೆ.

ತೆರೆದವರು ನನ್ನ ಭುಜಕ್ಕಿಂತ ಗಿಡ್ಡ.
ಕೆನ್ನೆಗೆ ಕೆನ್ನೆ: ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ.
ಮುಗಿಯಿತೆಂದು ನಾನು ಹಿಂದೆ ಸರಿದರೆ
ಗಾಳಿಯಲ್ಲೇ ಉಳಿಯಿತು ಅವರ ನಾಲ್ಕನೆಯದು.
ಹೆಸರು ಜೆನೆಬೆಚ್. ಹಾಗೆಂದರೆ 'ಮಳೆ ಬಂತು' ಅಂತೆ.
ಪುಣೆಯ ಹಾಸ್ಟೆಲಿನ ಹನ್ನೊಂದನೇ ಕೋಣೆಯಲ್ಲಿ
ಮಗಳು ಹೇಳಿದ್ದು ನೆನಪಿತ್ತು.

ಅವರಿಗೆ ಅಮ್ಹಾರಿಕ್, ನನಗೆ ಕನ್ನಡ.
ನಡುವೆ ಇಂಗ್ಲಿಷೆಂಬ ಹರಕು ಕೊಡೆ;
ಬಿಚ್ಚಿ ನೋಡಿದೆವು, ಇಬ್ಬರಿಗೂ ಸಾಲಲಿಲ್ಲ,
ಮಡಿಸಿ ಮೂಲೆಗಿಟ್ಟೆವು.

ಗಾಳಿಯಲ್ಲಿ ಕುರಿ ಬರೆದು ಅಡ್ಡ ಗೀಟೆಳೆದೆ.
ತೋಳು ಬಡಿದು ಕೋಳಿಯಾದೆ, ಅದಕ್ಕೂ ಗೀಟು.
ಅವರ ಹಣೆಯಲ್ಲಿ ಗೆರೆ ಮೂಡಿತು.
ಬುಧವಾರ ಶುಕ್ರವಾರ ಅವರಿಗೂ ಉಪವಾಸ,
ಬರೀ ಕಾಳು, ಬೇಳೆ, ಸೊಪ್ಪು.
ಆದರೆ ವಾರದ ಏಳು ದಿನವೂ? ವರ್ಷವಿಡೀ?
ಪಕ್ಕದ ಮನೆಯ ನಾಹೋಮ್‌ನನ್ನು ಕೂಗಿ ಕರೆದು
ಅವನ ಆರನೇ ಕ್ಲಾಸಿನ ಇಂಗ್ಲಿಷಿನಲ್ಲಿ ಕೇಳಿಸಿದರು:
'ಅಂಥ ಪಾಪ ಏನು ಮಾಡಿದೆಯಂತೆ, ಮಗಳೇ?'

ತಟ್ಟೆ ಒಂದೇ, ಮೊರದಷ್ಟು ಅಗಲ.
ಅದರ ತುಂಬ ಹಾಸಿದ ಇಂಜೆರಾ,
ನಮ್ಮ ಹುಳಿದೋಸೆಗೆ ಚಿಕ್ಕಮ್ಮನಾಗಬೇಕು,
ಮೈತುಂಬ ಕಣ್ಣು.
ನಡುವೆ ಕೊತಕೊತ ಕುದಿವ ಶಿರೋ, ಸುತ್ತ ಕೋಸು, ಮಸೂರಬೇಳೆ.
ನನ್ನ ಪಾಲಿನ ಗಡಿ ಗುರುತಿಸಿಕೊಂಡು
ನಾನು ಶಿಸ್ತಾಗಿ ತಿನ್ನುತ್ತಿದ್ದೆ.
'ಬಿಯೀ, ಬಿಯೀ.' ತಿನ್ನು, ತಿನ್ನು.
ಆಮೇಲೆ ಅವರ ಕೈಯೇ ಗಡಿ ದಾಟಿ ಬಂತು
ನನ್ನ ಬಾಯಿಯ ತನಕ.

ನಲವತ್ತಾರು ವರ್ಷ ನನಗೆ.
ಬ್ಯಾಂಕಿನಲ್ಲಿ ಕೂತು ಜನರ ಸಹಿಯನ್ನು
ಎರಡೆರಡು ಸಲ ಅನುಮಾನಿಸುವ ಕೆಲಸ.
ನಾಚಿಕೆಯಾಯಿತು. ಬಾಯಿ ತೆರೆದೆ.
ಬೆರಳಿಗೆ ಮೆಂತ್ಯದ, ಸೌದೆ ಹೊಗೆಯ ವಾಸನೆ.
ಒಂದೇ ತುತ್ತು ಜಗಳ ತರುತ್ತದೆಂದು ಅಲ್ಲಿಯ ಗಾದೆ;
ಹಾಗಾಗಿ ಎರಡು.
ಎರಡಕ್ಕೆ ನಿಲ್ಲಿಸಬಾರದೆಂದು ಮೂರು.
'ಸಾಕಮ್ಮಾ' ಅಂದೆ, ಕನ್ನಡದಲ್ಲೇ.
ಅರ್ಥವಾದವರಂತೆ ತಲೆಯಾಡಿಸಿ
ಇನ್ನೂ ದೊಡ್ಡದೊಂದು ಸುತ್ತಿದರು.

ಸಂಜೆ. ನೆಲಕ್ಕೆ ಹಸಿ ಹುಲ್ಲು ಚೆಲ್ಲಿ
ಕೆಂಡದ ಮೇಲೆ ಕಾಫಿಬೀಜ ಹುರಿದರು.
ಬಾಣಲೆಯ ಹೊಗೆಯನ್ನು ನನ್ನ ಮುಖದ ಬಳಿ ತಂದಾಗ
ಮಂಗಳಾರತಿಯೆಂಬಂತೆ ಎರಡೂ ಕೈ ಚಾಚಿ
ಕಣ್ಣಿಗೊತ್ತಿಕೊಂಡೆ.
ನಾಹೋಮ್ ಹುಲ್ಲಿನ ಮೇಲೆ ಬಿದ್ದು ಬಿದ್ದು ನಕ್ಕ.

ಮೊದಲ ಸುತ್ತು ಅಬೋಲ್, ಕಡುಕಪ್ಪು.
ಎರಡನೆಯದು ತೋನಾ. ಅಷ್ಟರಲ್ಲಿ
ನನ್ನ ಬಾಯಿ ತಾನಾಗಿ ಬಿಚ್ಚಿಕೊಂಡಿತ್ತು:
ಡಾಕ್ಟರು ಬೇಡವೆಂದ ಮೇಲೆ ನಮ್ಮಮ್ಮ
ಕಾಫಿ ಲೋಟ ಬರೀ ಮೂಸಿ ಕೊಡುತ್ತಿದ್ದುದು,
ಅವಳು ಹೋದ ಹದಿನಾಲ್ಕನೇ ದಿನ
ಎರಡು ಬಳೆಗಾಗಿ ತಮ್ಮನೂ ನಾನೂ ಮಾತು ಬಿಟ್ಟದ್ದು.
ಕೆನ್ನೆಗೆ ಕೈಯಿಟ್ಟು ಹೇಳುತ್ತಲೇ ಇದ್ದೆ.
ಅವರೂ, ಗೋಡೆಯ ಫೋಟೊದ ಎಳೆಗಡ್ಡದವನ ಕಡೆ
ಗಲ್ಲ ತಿರುಗಿಸಿ, ಬಹಳ ಹೊತ್ತು ಏನೋ ಹೇಳಿದರು.
ನಾಹೋಮ್ ಅನುವಾದಿಸಲಿಲ್ಲ.
ನಾನೂ ಕೇಳಲಿಲ್ಲ.

ಹತ್ತು ಗಂಟೆಗೆ ಬಂದಳು ವುಬಾಲೆಮ್,
ಆಸ್ಪತ್ರೆಯ ಚಪ್ಪಲಿಯಲ್ಲೇ, ನನ್ನ ಕೊರಳಿಗೆ ಬಿದ್ದು.
'ಗಂಡುಮಗು. ನೀವಿಬ್ಬರೂ ಇಷ್ಟು ಹೊತ್ತು
ಏನು ಮಾತಾಡಿದಿರಿ?'
ಉತ್ತರ ಉದ್ದಕ್ಕೆ ಕೊಟ್ಟವರು ಅಮ್ಮ.
ಕೇಳಿ ಅವಳು ನನ್ನತ್ತ ತಿರುಗಿದಳು:
'ನಿನಗೆ ಹಲ್ಲುನೋವಂತಲ್ಲ,
ಸಂಜೆಯಿಂದ ಗೋಳಾಡುತ್ತಿದ್ದೀಯಂತೆ. ನಾಳೆ ತೋರಿಸೋಣ.'

ಅಮ್ಮ ಆಗಲೇ ಡಬ್ಬಿ ಹುಡುಕಿ
ಒಂದು ಲವಂಗ ತಂದು ನನ್ನ ಅಂಗೈಗಿಟ್ಟಿದ್ದರು.
ಇಲ್ಲ ಅನ್ನಲಿಲ್ಲ ನಾನು. ಕಚ್ಚಿ ಹಿಡಿದೆ.
ಅದೇ ಗಸಿಗೆ ಮತ್ತೆ ನೀರು ಹೊಯ್ದ ಮೂರನೇ ಸುತ್ತು,
ಬರಕಾ, ಅಂದರೆ ಹರಕೆ,
ಲವಂಗದ ಮೇಲೆಯೇ ಇಳಿಯಿತು.
ಕೆನ್ನೆಯ ಆ ಬದಿ ಜುಮ್ಮೆಂದು
ಬೆಳಗಿನವರೆಗೂ ಬೆಚ್ಚಗಿತ್ತು.